ಅಂಬಾಸಿಡರಿನ ಮನೆ, ಎರೆ ಮಣ್ಣಿನ ಸೈಟು

ಮೊನ್ನೆ ಗೆಳೆಯರೊಬ್ಬರ ಮಗನ ಮದುವೆಗೆ ಹೋಗಿದ್ದೆ. ವರನ ಮೆರವಣಿಗೆಗೆಂದು ಹಳೆಯ ಬಿಳಿ ಅಂಬಾಸಿಡರ್ ಕಾರೊಂದನ್ನು ಬಾಡಿಗೆಗೆ ತರಿಸಿ, ಅದಕ್ಕೆ ಸೇವಂತಿಗೆ ಮಾಲೆಗಳನ್ನು ಇಳಿಬಿಟ್ಟಿದ್ದರು. ಹುಡುಗ ಹುಡುಗಿಯರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ಮಳೆ ಹನಿಯತೊಡಗಿತು. ಹಿರಿಯರು ನೆನೆಯಬಾರದು ಎಂದು ಯಾರೋ ನನ್ನನ್ನು ಹಿಂದಿನ ಸೀಟಿಗೆ ತಳ್ಳಿ ಬಾಗಿಲು ಹಾಕಿದರು. ಒದ್ದೆಯಾದ ತೆಂಗಿನ ನಾರು, ಹಳೇ ರೆಕ್ಸಿನ್ನು, ಒಂದಿಷ್ಟು ಪೆಟ್ರೋಲು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, "ಅಯ್ಯ, ನಮ್ಮ ಮನಿ ವಾಸನಿ!" ಎಂದು ಬಾಯಿಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಪೋರಿ ಕಿಸಕ್ಕನೆ ನಕ್ಕಳು. ಮುದುಕನಿಗೆ ಅರಳುಮರಳು ಎಂದುಕೊಂಡಿರಬೇಕು. ಆದರೆ ನಾನು ಹೇಳಿದ್ದು ಸುಳ್ಳಲ್ಲ. ಒಂದು ಚಳಿಗಾಲದ ಶುರುವಿನಿಂದ ಮುಂಗಾರಿನ ಮಿರಗದ ಮಳೆಯವರೆಗೆ ಇಂಥದೇ ಒಂದು ಕಾರು ಹೈದರಾಬಾದಿನಲ್ಲಿ ನನ್ನ ಮನೆಯಾಗಿತ್ತು.

ಆಗ ಹೈದರಾಬಾದಿಗೆ ಕಂಪ್ಯೂಟರ್ ಹುಚ್ಚು ಹಿಡಿದಿತ್ತು. ಕಂಬ ಕಂಡಲ್ಲೆಲ್ಲ ಕೋಚಿಂಗ್ ಸೆಂಟರಿನ ಬೋರ್ಡು, ಬಸ್ಸಿನಲ್ಲಿ ಪಕ್ಕ ಕೂತವನ ಕೈಯಲ್ಲಿ ದಪ್ಪನೆಯ ಪುಸ್ತಕ, ಬಾಯಲ್ಲಿ ಅಮೆರಿಕದ ಮಾತು. ನನಗೆ ಕಂಪ್ಯೂಟರಿನ ಗಂಧಗಾಳಿಯೂ ಇರಲಿಲ್ಲ. ವಿಜಾಪುರದ ಕಡೆಯ ಡೋಣಿ ನದಿಯ ದಂಡೆಯವನು ನಾನು. ಡಿಪ್ಲೊಮಾ ಮುಗಿಸಿ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಅಲ್ಲಿ ನಾವು ಮಾಡುತ್ತಿದ್ದದ್ದು ಕಂಪ್ಯೂಟರ್ ಇಡುವ ಮೇಜು. ಊರೆಲ್ಲ ಮೇಜಿನ ಮುಂದೆ ಕೂತು ಮುಂದೆ ಬರುತ್ತಿದ್ದರೆ ನಾನು ಅದೇ ಮೇಜಿನ ಕೆಳಗೆ ಅಂಗಾತ ಮಲಗಿ ಸ್ಕ್ರೂ ತಿರುಗಿಸುತ್ತಿದ್ದೆ. ಹಾಗೆ ಮಲಗಿದಾಗ ಮೇಲೆ ಕೂತವರ ಮಾತುಗಳು ಕಿವಿಗೆ ಬೀಳುತ್ತಿದ್ದವು. ಎಲ್ಲರದೂ ಒಂದೇ ಮಾತು, ಜಾಗ. ಲಿಂಗಂಪಲ್ಲಿ ಆಚೆ ಪ್ಲಾಟು ಹಿಡಿ, ಇವತ್ತು ಹಿಡಿದವನು ರಾಜ, ನಾಳೆ ಹಿಡಿಯುವವನು ಭಿಕಾರಿ. ಕೇಳಿ ಕೇಳಿ ನನ್ನ ಕಿವಿಯಲ್ಲೂ ಆ ಹುಳ ಹೊಕ್ಕಿತು. ಪ್ಲಾಟಿನ ಕಂತು ಎಷ್ಟು ಎಂದು ವಿಚಾರಿಸಿದರೆ ನನ್ನ ರೂಮಿನ ಬಾಡಿಗೆ, ಕರೆಂಟು, ಮೆಸ್ಸು ಎಲ್ಲ ಸೇರಿದಷ್ಟು. ಅಂದರೆ ಬದುಕುವುದನ್ನು ಬಿಟ್ಟರೆ ಪ್ಲಾಟು ಕೊಳ್ಳಬಹುದಿತ್ತು.

ಕಾರು ಬಂದದ್ದು ದೀಪಾವಳಿ ಬೋನಸ್ಸಿನ ಬದಲಿಗೆ. ನಮ್ಮ ಸೇಠ್ ಯಾವುದೋ ಸರಕಾರಿ ಕಚೇರಿಯ ಹರಾಜಿನಲ್ಲಿ ಹಳೆ ಕುರ್ಚಿ ಕಪಾಟುಗಳ ರಾಶಿಯನ್ನು ಕೊಂಡಾಗ ಅದರೊಟ್ಟಿಗೆ ಒಂದು ಅಂಬಾಸಿಡರೂ ಗಂಟುಬಿದ್ದಿತ್ತು. ಮಾರಲು ಹೋದರೆ ಕೇಳುವವರಿಲ್ಲ, ಇಟ್ಟುಕೊಂಡರೆ ಜಾಗ ದಂಡ. ಬೋನಸ್ ಕೇಳಲು ಹೋದ ನನ್ನ ಕೈಗೆ ಅವರು ಅದರ ಕೀಲಿ ಕೊಟ್ಟರು. ಕಾರು ಯಾರೋ ದೊಡ್ಡ ಅಧಿಕಾರಿಯದಾಗಿತ್ತಂತೆ. ಕಿಟಕಿಗಳಿಗೆ ಬಿಳಿ ಪರದೆ, ಸೀಟಿನ ಮೇಲೆ ಟರ್ಕಿ ಟವೆಲ್ಲು, ನೆತ್ತಿಯ ಮೇಲೆ ಕೆಂಪು ದೀಪ ಕಿತ್ತ ಜಾಗದಲ್ಲಿ ಒಂದು ತೂತು. ಆ ಪರದೆ ಎಳೆದು ಒಳಗೆ ಕೂತು ನೋಡಿದೆ. ನನ್ನ ರೂಮಿಗಿಂತ ಗಾಳಿ ಚೆನ್ನಾಗಿತ್ತು. ತಿಂಗಳು ಮುಗಿದದ್ದೇ ರೂಮು ಖಾಲಿ ಮಾಡಿದೆ.

ಕಾರ್ಖಾನೆಯ ಬೇವಿನ ಮರದ ಕೆಳಗೆ ಕಾರು ನಿಂತು, ಅದರ ಡಿಕ್ಕಿಯಿಂದ ಪಂಪ್ ಸ್ಟೋ, ಕೊಡ, ಹಾಸಿಗೆ ಸುರುಳಿ ಇಳಿಯುವುದನ್ನು ಕಂಡ ಸೇಠ್ ಹಣೆ ಚಚ್ಚಿಕೊಂಡರು. "ಅರೇ ಮಲ್ಲಪ್ಪಾ, ಗಾಡಿ ದಿಯಾ ಥಾ, ಘರ್ ನಹೀ!"

"ಸೇಠ್, ಹಮಾರೇ ಲಿಯೇ ದೋನೋ ಏಕ್ ಹೈ," ನಮಗೆ ಗಾಡಿಯೂ ಮನೆಯೂ ಒಂದೇ ಅಂದೆ. ಕಾರ್ಖಾನೆಯ ನಲ್ಲಿಯಲ್ಲಿ ಸ್ನಾನಕ್ಕೆ ಅಪ್ಪಣೆ ಸಿಕ್ಕಿತು, ಅದಕ್ಕೆ ಪ್ರತಿಯಾಗಿ ಬೆಳಿಗ್ಗೆ ಗೇಟು ತೆಗೆಯುವ ಕೆಲಸವೂ ನನ್ನ ಕೊರಳಿಗೆ ಬಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನನ್ನಷ್ಟು ಚಾಚೂ ತಪ್ಪದೆ ಪಾಲಿಸಿದವರು ಯಾರೂ ಇರಲಾರರು. ಹಿಂದಿನ ಸೀಟಿನಲ್ಲಿ ಮಂಡಿ ಮಡಚಿಯೇ ಮಲಗಬೇಕು. ಮಗ್ಗುಲಾಗಬೇಕೆಂದರೆ ಎದ್ದು ಕೂತು, ವಿಚಾರ ಮಾಡಿ, ಮತ್ತೆ ಮಲಗಬೇಕು. ಊಟದ ಚಿಂತೆ ಮಾತ್ರ ಇರಲಿಲ್ಲ. ಅವ್ವ ಊರಿಂದ ಬರುವವರ ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತಿದ್ದಳು. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ರೊಟ್ಟಿ ಒಟ್ಟಿದರೆ ಹೈದರಾಬಾದಿನ ಬಿಸಿಲು ಅವನ್ನು ಇನ್ನಷ್ಟು ಖಡಕ್ ಮಾಡುತ್ತಿತ್ತು. ಸಂಜೆ ರಸ್ತೆ ಬದಿಯ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ಪರದೆಯ ಹಿಂದೆ ರೊಟ್ಟಿ ಮುರಿಯುತ್ತ ಕೂತರೆ ಹಾದುಹೋಗುವ ಪೊಲೀಸರು ಸೆಲ್ಯೂಟ್ ಹೊಡೆಯುತ್ತಿದ್ದರು. ಒಳಗಿನ ಸಾಹೇಬರು ಕಟಕಟ ಎಂದು ಏನು ಮುರಿಯುತ್ತಿದ್ದಾರೆ ಎಂದು ಕೇಳುವ ಧೈರ್ಯ ಒಬ್ಬನಿಗೂ ಬರಲಿಲ್ಲ. ನಾನೂ ಪರದೆ ಸರಿಸದೆ ಒಂದು ಕೈ ಹೊರಗೆ ಹಾಕಿ ಆಶೀರ್ವಾದ ಮಾಡಿದಂತೆ ಅಲ್ಲಾಡಿಸುತ್ತಿದ್ದೆ.

ಅವ್ವನಿಗೆ ಮಾತ್ರ ಸುಳ್ಳು ಹೇಳಲಿಲ್ಲ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ ಅವಳು ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದೆ.

"ರೂಮು ಬಿಟ್ಟಿಯಂತಲ್ಲೋ? ಹೊಸಾ ಮನಿ ಹೆಂಗ ಐತಿ?"

"ಚಲೋ ಐತವ್ವಾ. ನಾಕೂ ಕಡೆ ಕಿಟಕಿ."

"ಮಾಲಕರ ಕಿರಿಕಿರಿ?"

"ಮಾಲಕ ನಾನ. ಸ್ವಂತದ್ದು."

ಆ ಕಡೆ ಅವ್ವ ಪಕ್ಕದವರಿಗೆ 'ಸ್ವಂತದ್ದಂತ' ಎಂದು ಹೇಳಿದ್ದು ಕೇಳಿಸಿತು. ಆಮೇಲೆ, "ಬಾಗಿಲಾ ಯಾವ ದಿಕ್ಕಿಗೈತೋ?"

"ಯಾವ ದಿಕ್ಕಿಗೆ ಬೇಕೋ ಆ ದಿಕ್ಕಿಗೆ," ಅಂದೆ.

ಮಗ ಹೈದರಾಬಾದಿನಲ್ಲಿ ಸ್ವಂತ ಮನೆ ಮಾಡಿದ್ದಾನೆ, ನಾಲ್ಕೂ ಕಡೆ ಕಿಟಕಿ, ವಾಸ್ತು ಕೇಳಲೇಬೇಡಿ ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅದರ ಫಲ ಮುಂದೆ ಬಂತು.

ಬೇಸಿಗೆ ಬಲಿತಾಗ ಪ್ಲಾಟು ನೋಡಲು ಹೋದೆ. ಲಿಂಗಂಪಲ್ಲಿ ದಾಟಿ ಒಂದಿಷ್ಟು ದೂರ ಹೋದರೆ ಬಂಡೆಗಲ್ಲಿನ ಬಯಲು. ಅಲ್ಲಿ ಯಾದಗಿರಿ ಎಂಬ ಏಜೆಂಟು ಬಣ್ಣದ ದೊಡ್ಡ ಕೊಡೆ ನೆಟ್ಟು, ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಅವನು ಮೊದಲು ದಿಬ್ಬದ ಮೇಲಿನ ಪ್ಲಾಟು ತೋರಿಸಿದ. ಕೆಂಪು ಗರಸು ಮಣ್ಣು, ಕಾಲಿಟ್ಟರೆ ಚರಚರ. ನನಗೆ ನೋಡಿದ ಕೂಡಲೇ ಬೇಜಾರಾಯಿತು. ನಮ್ಮ ಕಡೆ ಇಂಥ ಜಮೀನಿಗೆ ಹೆಣ್ಣು ಕೊಡುವುದಿಲ್ಲ. ಕಣ್ಣು ಹಾಗೇ ಕೆಳಗೆ ಹಾಯಿತು. ತಗ್ಗಿನಲ್ಲಿ ಕಾಡಿಗೆಯಂಥ ಕಪ್ಪು ಮಣ್ಣು, ಪಾದ ಇಳಿಯುವಷ್ಟು ದೊಡ್ಡ ಬಿರುಕುಗಳು, ಯಾರೋ ಸೌತೆಬಳ್ಳಿ ಹಚ್ಚಿದ್ದರು. ಅಪ್ಪಟ ಎರೆ ಭೂಮಿ! 'ಡೋಣಿ ಹರದ್ರ ಓಣೆಲ್ಲಾ ಜ್ವಾಳ' ಎಂದು ಹಾಡುವವರ ಮನೆಯಲ್ಲಿ ಹುಟ್ಟಿದವನಿಗೆ ಅದನ್ನು ಕಂಡು ಕಣ್ಣು ತುಂಬಿ ಬಂದಿತು. ಪರದೇಶದಲ್ಲಿ ತಾಯಿಯ ಮುಖ ಕಂಡಂತಾಯಿತು.

"ಅದು ಬೇಕು," ಅಂದೆ.

ಯಾದಗಿರಿ ನನ್ನ ಮುಖವನ್ನು ಎರಡು ಸಲ ನೋಡಿದ. "ಅದಾ ಸಾರ್? ಪಕ್ಕಾ?" ಎಂದ. ಆಮೇಲೆ ಅವನು ತರಿಸಿಕೊಟ್ಟ ತಂಪು ಸೋಡಾದ ಅರ್ಥ ನನಗೆ ಆಗಬೇಕಿತ್ತು, ಆಗಲಿಲ್ಲ. ಮನೆ ಕಟ್ಟುವ ಜಾಗಕ್ಕೆ ಜೋಳ ಬೆಳೆಯುವ ಮಣ್ಣು ಯಾಕೆ ಎಂಬ ವಿಚಾರವೂ ತಲೆಯಲ್ಲಿ ಸುಳಿಯಲಿಲ್ಲ. ಅಂದಿನಿಂದ ಮಂಡಿ ಮಡಚಿ ಉಳಿಸಿದ್ದೆಲ್ಲ ಕಂತು ಕಂತಾಗಿ ಯಾದಗಿರಿಯ ಕೈ ಸೇರತೊಡಗಿತು. ಅದಕ್ಕೂ ಮೊದಲು ಕೂಡಿಟ್ಟಿದ್ದ ದೊಡ್ಡ ಗಂಟನ್ನು ನೋಂದಣಿಯ ದಿನ ಕೊಡುವುದೆಂದು ಮಾತಾಗಿತ್ತು.

ಅದೇ ದಿನಗಳಲ್ಲಿ ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿಗೆ ಮೇಜು ಕೊಟ್ಟೆವು. ಅಲ್ಲಿ ಗಣಿತ ಹೇಳುವ ಟೀಚರೊಬ್ಬರು, ಮೇಜು ಅಲ್ಲಾಡುತ್ತದೆ ಎಂದು ನನ್ನನ್ನು ಕರೆಸಿದರು. ಮೇಜಿನ ಕೆಳಗೆ ಮಲಗಿದವನು ಸ್ಕ್ರೂ ಕೈಜಾರಿ ಕನ್ನಡದಲ್ಲಿ ಒಂದು ಬೈಗುಳ ಬೈದೆ. ಮೇಲಿಂದ ಮಾತು ಬಂತು: "ಬೈದ್ರ ಸ್ಕ್ರೂ ತಿರಗೂದಿಲ್ರೀ. ಎಡಕ್ಕ ಹೊಂಟೀರಿ, ಬಲಕ್ಕ ತಿರುವ್ರಿ."

ಅವಳೇ ಸುವರ್ಣಾ. ತಂದೆ ನವಲಗುಂದದ ಕಡೆಯವರು, ಇಲ್ಲಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ನೌಕರಿ. ಮಗಳು ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದು. ಅದಾದ ಮೇಲೆ ಆ ಸೆಂಟರಿನ ಮೇಜುಗಳು ಪದೇ ಪದೇ ಅಲ್ಲಾಡತೊಡಗಿದವು. ಕೆಲವನ್ನು ನಾನೇ ಸಡಿಲ ಬಿಟ್ಟು ಬರುತ್ತಿದ್ದೆ. ಒಂದು ದಿನ ಅವಳು ಹೊರಗೆ ಬಂದು ಕಾರನ್ನು ಸುತ್ತು ಹಾಕಿ ನೋಡಿದಳು. ಹಿಂದಿನ ಗಾಜಿನಲ್ಲಿ ರೊಟ್ಟಿ, ಬಾಗಿಲಿಗೆ ಒಣಹಾಕಿದ ಬನಿಯನ್ನು, ಕನ್ನಡಿಗೆ ಸಿಕ್ಕಿಸಿದ ಹಲ್ಲುಜ್ಜುವ ಬ್ರಶ್ಶು.

"ಇದರಾಗ ಇರ್ತೀರೇನ್ರೀ?"

"ಸದ್ಯಕ್ಕ," ಅಂದೆ. ಭೂಮಿ ಬಾಯಿಬಿಡಬಾರದೆ ಅನಿಸಿತು. ಪ್ಲಾಟಿನ ಕಥೆಯನ್ನೆಲ್ಲ ಒದರಿದೆ. ಅವಳು ನಗಲಿಲ್ಲ. "ನನ್ನ ಜೋಡಿ ಕೆಲಸಾ ಮಾಡೂ ಮಂದಿ ಇನ್ನೊಬ್ಬರ ಮನ್ಯಾಗಿದ್ದು ತಮ್ಮ ಮನಿ ಅಂತಾರ. ನಿಮ್ಮದು ಸ್ವಂತದ್ದರೆ ಐತಿ," ಎಂದಳು. ನನಗೆ ಆ ಕ್ಷಣವೇ ಅವಳು ಬೇಕು ಅನಿಸಿತು. ಪ್ಲಾಟಿಗಿಂತ ಹೆಚ್ಚು ಅನಿಸಿತು ಎಂದು ಈಗ ಹೇಳಬಲ್ಲೆ. ಆಗ ಎರಡೂ ಒಟ್ಟಿಗೇ ಬೇಕಿದ್ದವು.

ಅವ್ವನಿಗೆ ಹೇಳಿದೆ. ಅವ್ವ ಬೀಗರ ಬೀಗರನ್ನು ಹಿಡಿದು ಸುವರ್ಣಾಳ ತಂದೆ ಬಸವರಾಜಪ್ಪನವರಿಗೆ ಸುದ್ದಿ ಮುಟ್ಟಿಸಿದಳು, ನಾಲ್ಕೂ ಕಡೆ ಕಿಟಕಿಯ ಸ್ವಂತ ಮನೆ ಎಂಬುದನ್ನೂ ಸೇರಿಸಿ. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹೆಣ್ಣಿನವರು ಹುಡುಗನ ಮನೆ ನೋಡಲು ಬರುವ ಪದ್ಧತಿ. ಹುಡುಗನನ್ನು ಆಮೇಲೆ ನೋಡಿದರೂ ನಡೆದೀತು, ಮೊದಲು ಹೊಸ್ತಿಲು, ಒಲೆ, ನೀರು, ಕಾಳಿನ ಚೀಲ ನೋಡಬೇಕು. ಬಸವರಾಜಪ್ಪನವರು ಕಾರ್ಖಾನೆಗೇ ಫೋನು ಮಾಡಿದರು.

"ಬರೂ ರವಿವಾರ ಮನಿ ನೋಡಾಕ ಬರತೀವಿ. ಆಷಾಢ ಹತ್ತೂದರಾಗ ಮಾತು ಮುಗಸೂಣು. ಎಲ್ಲಿ ಬರತೈತಿ ಮನಿ?"

ಗೆಳೆಯರು ಯಾರದಾದರೂ ಮನೆ ಒಂದು ದಿನ ಕೇಳಿ ತೋರಿಸು ಎಂದು ಉಪದೇಶ ಮಾಡಿದ್ದರು. ಬಾಯಿಗೆ ಆ ಸುಳ್ಳು ಬರಲಿಲ್ಲ. "ನೀವು ತ್ರಾಸ ತಗೋಬ್ಯಾಡ್ರಿ ಕಾಕಾರ," ಅಂದೆ, "ಮನಿನ ನಿಮ್ಮ ಬಾಗಲಿಗೆ ಬರತೈತಿ."

"ಭಾಳ ವಿನಯದ ಹುಡುಗ," ಎಂದು ಅವರು ಮನೆಯಲ್ಲಿ ಹೇಳಿದರಂತೆ.

ಬಸವರಾಜಪ್ಪನವರದು ಇನ್‌ಸ್ಪೆಕ್ಷನ್ ವಿಭಾಗ. ಬಂದ ಮಾಲನ್ನು ತಟ್ಟಿ, ಕುಟ್ಟಿ, ಸರಿಯಿಲ್ಲದ್ದಕ್ಕೆ ಕೆಂಪು ಬಣ್ಣ ಬಳಿದು ವಾಪಸು ಕಳಿಸುವುದೇ ಅವರ ಜೀವನ. ರವಿವಾರ ಅವರ ಕ್ವಾರ್ಟರ್ಸಿನ ಮುಂದೆ ನನ್ನ ತೊಳೆದ ಅಂಬಾಸಿಡರು ನಿಂತಾಗ ಅವರು ಇಸ್ತ್ರಿ ಪ್ಯಾಂಟು ಹಾಕಿ, ಅವರ ತಾಯಿ ನೀಲವ್ವಜ್ಜಿ ಇಳಕಲ್ ಸೀರೆ ಉಟ್ಟು, ತೆಂಗಿನಕಾಯಿ, ಸಕ್ಕರೆ, ಅರಿಶಿನ ಕುಂಕುಮದ ಚೀಲ ಹಿಡಿದು ಸಿದ್ಧವಾಗಿ ನಿಂತಿದ್ದರು. ಹಿಂದೆ ಸುವರ್ಣಾ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು.

"ಗಾಡಿ ಚಲೋ ಐತಿ. ನಡೀರಿ ಮನಿಗೆ," ಎಂದರು ಬಸವರಾಜಪ್ಪ.

"ಇದ ಮನಿರೀ."

ಅವರು ನಕ್ಕರು. ನಾನು ನಗಲಿಲ್ಲ. ಅವರೂ ನಿಲ್ಲಿಸಿದರು. ಡಿಕ್ಕಿ ತೆಗೆದು ಸ್ಟೋ, ಕೊಡ, ಜೋಳದ ಹಿಟ್ಟಿನ ಡಬ್ಬಿ ತೋರಿಸಿದೆ. ಮುಂದಿನ ಗಾಜಿನ ಕೆಳಗಿದ್ದ ಪುಟ್ಟ ಬಸವಣ್ಣನನ್ನು ತೋರಿಸಿದೆ. ಅಜ್ಜಿಗೆ ಕಣ್ಣು ಸ್ವಲ್ಪ ಮಂದ, ಆದರೆ ಪದ್ಧತಿ ಬಿಡುವವಳಲ್ಲ.

"ಹೊಸ್ತಿಲಾ ಎಲ್ಲೈತೋ ತಮ್ಮಾ?"

ಹಿಂದಿನ ಬಾಗಿಲು ತೆಗೆದು ಕೆಳಗಿನ ತಗಡಿನ ಪಟ್ಟಿ ತೋರಿಸಿದೆ. ಅಜ್ಜಿ ಬಗ್ಗಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಬಲಗಾಲಿಟ್ಟು ಒಳಗೆ ಹೋಗಿ, ಸೀಟಿನ ಮೇಲೆ ಕಾಲು ಮಡಚಿ ಕೂತಳು. "ಮೆತ್ತಗ ಐತಿ ಬಿಡು," ಎಂದಳು.

ಬಸವರಾಜಪ್ಪನವರು ಬಾನೆಟ್ಟಿಗೆ ಬೆರಳಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಒಂದೇ ಮಾತು ಹೇಳಿದರು. "ರಿಜೆಕ್ಟ್."

ಮಾಲಿಗೆ ಅವರು ಆ ಮಾತು ಹೇಳಿದರೆ ಮೇಲಿನ ಸಾಹೇಬರೂ ತಿದ್ದುತ್ತಿರಲಿಲ್ಲವಂತೆ. ಸುವರ್ಣಾಳ ಕಡೆ ನೋಡಿದೆ. ಅವಳೂ ನನ್ನ ಕಡೆಯೇ ನೋಡುತ್ತಿದ್ದಳು, ಏನಾದರೂ ಮಾತಾಡು ಮಾರಾಯಾ ಎನ್ನುವ ಹಾಗೆ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. "ಕಾಕಾರ, ಇದು ಬರೇ ಇವತ್ತಿನ ಮನಿ. ನಾಳಿನ ಮನಿಗೆ ಜಾಗಾ ಹಿಡದೇನಿ. ಎರಿ ಭೂಮಿ," ಅಂದೆ.

ಒಳಗೆ ಹೊರಟಿದ್ದ ಅವರ ಕಾಲು ನಿಂತಿತು. "ಏನಂದಿ? ಎರಿನಾ? ಈ ಕಲ್ಲಿನ ಊರಾಗ?"

"ಕರ್ರಗ, ಕಾಡಿಗಿ ಹಂಗ ಐತ್ರಿ."

ಐದು ನಿಮಿಷದಲ್ಲಿ ಅವರು ನನ್ನ ಪಕ್ಕದ ಸೀಟಿನಲ್ಲಿದ್ದರು. ಅಜ್ಜಿ ಕೂತಲ್ಲೇ ಇದ್ದಳು. ಸುವರ್ಣಾ ಆಕಾಶ ನೋಡಿ ಒಂದು ಕೊಡೆ ತೆಗೆದುಕೊಂಡಳು. ದಾರಿಯಲ್ಲಿ ಒಬ್ಬ ಪೊಲೀಸನು ಸೆಲ್ಯೂಟ್ ಹೊಡೆದಾಗ ಬಸವರಾಜಪ್ಪನವರು ತಮಗೆ ತಿಳಿಯದಂತೆಯೇ ನೆಟ್ಟಗೆ ಕೂತರು.

ಆ ವಾರ ಮಿರಗದ ಮಳೆ ಸಣ್ಣಗೆ ಆಡಿಹೋಗಿತ್ತು. ಬಿರುಕುಗಳು ಮುಚ್ಚಿ, ಕಪ್ಪು ನೆಲದ ಮೇಲೆ ಎಳೆ ಹುಲ್ಲು ಎದ್ದಿತ್ತು. ಬಸವರಾಜಪ್ಪ ಗಾಡಿಯಿಂದ ಇಳಿದು ಒಂದು ಹೆಂಟೆ ಎತ್ತಿಕೊಂಡರು. ಪುಡಿ ಮಾಡಿದರು, ಮೂಸಿದರು, ಕಣ್ಣು ಮುಚ್ಚಿದರು. ಇನ್‌ಸ್ಪೆಕ್ಟರು ಹೋಗಿ ನವಲಗುಂದದ ರೈತರ ಮಗ ಮಾತ್ರ ಅಲ್ಲಿ ಉಳಿದ.

"ತಮ್ಮಾ, ಇದು ಥೇಟ್ ನವಲಗುಂದದ ಮಣ್ಣು."

"ಇಲ್ರೀ, ಇದು ನಮ್ಮ ಡೋಣಿ ಸಾಲಿಂದು."

"ಡೋಣಿದು ಸ್ವಲ್ಪ ಉಪ್ಪ ಇರತೈತಿ. ಇದು ನಮ್ಮದ."

ಜಗಳಕ್ಕೆ ಹತ್ತಿದೆವು. ಸುವರ್ಣಾ ನಡುವೆ ಬಾಯಿಹಾಕಿ, "ಮನಿ ಕಟ್ಟಾಕೋ, ಜ್ವಾಳಾ ಬಿತ್ತಾಕೋ?" ಎಂದಳು. ಇಬ್ಬರೂ ಅವಳ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಬಸವರಾಜಪ್ಪನವರು ನನ್ನ ಬೆನ್ನು ಚಪ್ಪರಿಸಿ, "ಗಾಡ್ಯಾಗ ಇದ್ರೂ ಮಣ್ಣ ಆರಿಸೂ ಕಣ್ಣೈತಿ ಹುಡಗಗ," ಎಂದು ತಾಯಿಗೆ ಹೇಳಿದರು. ಕೊಡೆಯ ಕೆಳಗೆ ಕೂತಿದ್ದ ಯಾದಗಿರಿಯನ್ನು ಕರೆದು, ಪಕ್ಕದ ಪ್ಲಾಟು ತಮಗೆ ಇರಲಿ ಎಂದು ಜೇಬಿನಲ್ಲಿದ್ದುದನ್ನು ಅಲ್ಲೇ ಮುಂಗಡ ಎಣಿಸಿದರು. ಆಮೇಲೆ ಅವರಿಗೆ ಇನ್ನೂ ಒಂದು ಹುಕಿ ಬಂತು. "ಗಾಡಿ ಒಳಗ ತಗೋ. ನಿನ್ನ ಜಾಗಾದಾಗ ನಿನ್ನ ಮನಿ ನಿಂದ್ರಿಸಿ ನೋಡೂಣು. ಅವ್ವಾ ಕಾಯಿ ಒಡೀಲಿ."

ಅಂಬಾಸಿಡರು ನಿಧಾನವಾಗಿ ತಗ್ಗಿಗೆ ಇಳಿದು ನನ್ನ ಪ್ಲಾಟಿನ ನಟ್ಟನಡುವೆ ನಿಂತಿತು. ಅಜ್ಜಿ ಕಾಯಿ ಒಡೆದು, ಸುವರ್ಣಾಳ ಬಾಯಿಗೂ ನನ್ನ ಬಾಯಿಗೂ ಸಕ್ಕರೆ ಹಾಕಿದಳು. ನನ್ನ ಜೀವನದಲ್ಲಿ ಅಷ್ಟು ಸುಖವಾಗಿದ್ದ ಗಳಿಗೆ ಹೆಚ್ಚಿಲ್ಲ. ಜಾಗ ನನ್ನದು, ಅದರ ಮೇಲೆ ಮನೆ ನನ್ನದು, ಹುಡುಗಿ ನನ್ನವಳು. ಸಕ್ಕರೆ ಇನ್ನೂ ನಾಲಿಗೆಯ ಮೇಲಿತ್ತು, ಮೊದಲ ದಪ್ಪ ಹನಿ ನನ್ನ ಮೂಗಿನ ಮೇಲೆ ಬಿತ್ತು.

ಅದು ಮಳೆಯಲ್ಲ, ಆಕಾಶ ತಲೆಕೆಳಗಾದದ್ದು. ಎಲ್ಲರೂ ಕಾರಿನೊಳಗೆ ಓಡಿ ಬಾಗಿಲು ಹಾಕಿಕೊಂಡೆವು. ಕೆಂಪು ದೀಪದ ತೂತಿಗೆ ನಾನು ಮೆತ್ತಿದ್ದ ಡಾಂಬರು ಬೇಸಿಗೆಯಲ್ಲಿ ಕರಗಿಹೋಗಿತ್ತು. ಅಲ್ಲಿಂದ ನೀರು ನೆಟ್ಟಗೆ ಬಸವರಾಜಪ್ಪನವರ ಬೋಳುನೆತ್ತಿಗೆ ಇಳಿಯತೊಡಗಿತು. ಅವರು ಈ ಕಡೆ ಸರಿದರೆ ಅಜ್ಜಿಗೆ, ಆ ಕಡೆ ಸರಿದರೆ ಬಸವಣ್ಣನಿಗೆ. ಕೊನೆಗೆ ಮಗಳ ಕೊಡೆಯನ್ನು ಕಾರಿನೊಳಗೇ ಬಿಚ್ಚಿ ಕೂತರು. ಸುವರ್ಣಾ ಪರದೆ ಸರಿಸಿ ಹೊರಗೆ ನೋಡುತ್ತಿದ್ದಳು. ದಿಬ್ಬದ ಮೇಲಿನ ನೀರು ಕೆಳಗೆ, ಆ ಕಡೆಯ ಬಂಡೆಗಳ ನೀರು ಕೆಳಗೆ, ಎಲ್ಲ ಕಡೆಯ ನೀರೂ ನಮ್ಮ ಪ್ಲಾಟಿಗೇ ಬರುತ್ತಿತ್ತು. ಮುಂದುಗಡೆ ನಾನು ಇಷ್ಟು ದಿನ ರಸ್ತೆ ಎಂದು ತಿಳಿದಿದ್ದ ಉದ್ದನೆಯ ಏರಿ; ಅದರ ಬುಡದಲ್ಲಿ, ಪೊದೆಯ ಹಿಂದೆ, ಒಂದು ಹಳೆಯ ಕಲ್ಲಿನ ತೂಬು.

"ಅಪ್ಪಾರ," ಎಂದಳು ಶಾಂತವಾಗಿ, "ನಾವು ಕೆರಿಯೊಳಗ ಕೂತೀವಿ."

"ಏ, ಕೆರಿ ಅಲ್ಲ. ಮಳಿ ನೀರು ನಿಂತೈತಿ."

"ಮಳಿ ನೀರು ನಿಂತ್ರ ಅದಕ್ಕ ಕೆರಿ ಅಂತಾರ್ರಿ."

ಕೊಡೆಯ ಮೇಲೆ ಹನಿ ಟಪಟಪ ಬೀಳುತ್ತಿತ್ತು. ಈ ಸೀಮೆಯಲ್ಲಿ ಕಪ್ಪು ಮಣ್ಣು ಸಿಗುವುದೆಂದರೆ ಹೆಚ್ಚಾಗಿ ಕೆರೆಯ ಅಂಗಳದಲ್ಲೇ ಎಂಬುದು ಇಲ್ಲಿಯವರಿಗೆಲ್ಲ ಗೊತ್ತಿದ್ದ ಸಂಗತಿ. ಯಾವ ಹೈದರಾಬಾದಿಯೂ ಆ ಪ್ಲಾಟುಗಳ ಕಡೆ ತಿರುಗಿ ನೋಡಿರಲಿಲ್ಲ. ಯಾದಗಿರಿಯ ಸ್ಕೂಟರು ಯಾವಾಗಲೋ ಹೋಗಿತ್ತು. ಬಣ್ಣದ ಕೊಡೆಯೊಂದು ನೀರಿನ ಮೇಲೆ ತೇಲುತ್ತ ನಮ್ಮ ಕಡೆಗೇ ಬರುತ್ತಿತ್ತು. ನನಗೆ ಅಳು ಬಂತು. ಮಂಡಿ ಮಡಚಿ ಕಳೆದ ಅಷ್ಟು ತಿಂಗಳು ಕಣ್ಣೆದುರು ಮುಳುಗುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಬಾಯಿಗೆ ಬಂದ ಸಕ್ಕರೆ ಕರಗುವ ಮೊದಲೇ ಸಂಬಂಧವೂ ಹೋಯಿತಲ್ಲ ಎನಿಸಿತು.

ಗಾಡಿ ಚಾಲೂ ಮಾಡಿದೆ. ಗಾಲಿ ತಿರುಗಿದಷ್ಟೂ ಕೆಳಗಿಳಿಯಿತು. ಹಸಿ ಎರೆಯಲ್ಲಿ ಖಾಲಿ ಬಂಡಿಯನ್ನೂ ಇಳಿಸಬಾರದೆಂದು ನಮ್ಮ ಕಡೆ ದನ ಕಾಯುವವರಿಗೂ ಗೊತ್ತು. ಆ ಮಣ್ಣನ್ನು ಹೊಗಳುವ ಭರದಲ್ಲಿ ಇಬ್ಬರೂ ಅದನ್ನೇ ಮರೆತಿದ್ದೆವು. ನೀಲವ್ವಜ್ಜಿ ಕಾಲನ್ನು ಇನ್ನಷ್ಟು ಮೇಲೆ ಎತ್ತಿಕೊಂಡು, "ನಾ ಇಳಿಯಂಗಿಲ್ಲ, ಮನಿ ಬಿಟ್ಟು ಯಾಕ ಇಳೀಲಿ?" ಎಂದಳು. ಸುವರ್ಣಾ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕೆಳಗಿಳಿದಳು. ಅವಳ ಹಿಂದೆ ಇಸ್ತ್ರಿ ಪ್ಯಾಂಟು ಇಳಿಯಿತು. ಮೂವರೂ ನೂಕಿದೆವು. ಗಾಲಿ ಎರಚಿದ ಕೆಸರಿಗೆ ಯಾರು ಮಾವ, ಯಾರು ಅಳಿಯ ಎಂದು ಗುರುತು ಸಿಗದಂತಾಯಿತು. ನೂಕುತ್ತ ನೂಕುತ್ತ ಸುವರ್ಣಾ ನನ್ನ ಕಿವಿಯ ಹತ್ತಿರ ಕೇಳಿದಳು, "ದೊಡ್ಡ ಗಂಟು ಕೊಟ್ಟೀರೇನು?"

"ಇಲ್ಲ. ಆಷಾಢ ಕಳದ ಮ್ಯಾಲ ನೋಂದಣಿ ಅಂತ ಇತ್ತು."

"ಹಂಗಾದ್ರ ಇನ್ನೂ ಉಳದೀರಿ. ನೂಕ್ರಿ," ಎಂದಳು. ಮುಖದ ತುಂಬ ಕೆಸರಾಗಿ ಅವಳ ಹಲ್ಲಷ್ಟೇ ಕಾಣುತ್ತಿತ್ತು. ನಗುತ್ತಿದ್ದಳು.

ಕೊನೆಗೆ ಏರಿಯ ಮೇಲೆ ಹೋಗುತ್ತಿದ್ದ ಟ್ರ್ಯಾಕ್ಟರಿನವನು ಹಗ್ಗ ಕಟ್ಟಿ ಎಳೆದ. "ಚೆರುವುಲೋ ಕಾರೇಂದಿ ಸಾರ್?" ಕೆರೆಯಲ್ಲಿ ಕಾರೇನ್ರೀ ಎಂದು ಅವನು ಕೇಳಿದ್ದಕ್ಕೆ ಬಸವರಾಜಪ್ಪನವರು ಕೆಸರಾದ ಮುಖವನ್ನು ಆ ಕಡೆ ತಿರುಗಿಸಿಕೊಂಡರು. ದಿಬ್ಬದ ಮೇಲೆ ಆ ಕೆಂಪು ಗರಸಿನ ಪ್ಲಾಟು ಮಳೆ ಬಂದ ಗುರುತೂ ಇಲ್ಲದೆ ಒಣಗಿ ಕೂತಿತ್ತು.

ಕ್ವಾರ್ಟರ್ಸಿಗೆ ಬರುವವರೆಗೂ ಬಸವರಾಜಪ್ಪನವರು ಒದ್ದೆ ಜೇಬುಗಳನ್ನು ತಡಕುತ್ತಲೇ ಇದ್ದರು. ಕೆಂಪು ಬಣ್ಣದ ಡಬ್ಬಿ ಹುಡುಕುತ್ತಿದ್ದಾರೆ ಎಂದೇ ನಾನು ತಿಳಿದೆ. ಗೇಟಿನ ಹತ್ತಿರ ಗಾಡಿ ನಿಲ್ಲಿಸಿದಾಗ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಹೇಳಿದರು.

"ತಮ್ಮಾ, ಇದು ಹೊರಗ ಬೀಳಬಾರದು. ಇನ್‌ಸ್ಪೆಕ್ಷನ್ನಿನ ಬಸವರಾಜಪ್ಪ ಕೆರಿ ಖರೀದಿ ಮಾಡ್ಯಾನ ಅಂದ್ರ ನಾ ನಾಳೆ ಡ್ಯೂಟಿಗೆ ಹೋಗೂದು ಹೆಂಗ? ಮನಿ ಮಾತು ಮನ್ಯಾಗ ಇರಬೇಕು."

"ನಾ ಯಾರ ಮುಂದ ಹೇಳ್ಲಿ ಕಾಕಾರ," ಅಂದೆ.

ಸೆರಗು ಹಿಂಡುತ್ತ ನಿಂತಿದ್ದ ಸುವರ್ಣಾ ತಲೆ ಎತ್ತಲಿಲ್ಲ. "ಅಪ್ಪಾರ, ಮನ್ಯಾಗ ಇರಬೇಕಂದ್ರ ಇವರೂ ಮನ್ಯಾವ್ರ ಆಗಬೇಕಲ್ರಿ. ಹೊರಗಿನವ್ರನ್ನ ಹೆಂಗ ನಂಬೂದು? ನಾಳೆ ಬ್ಯಾರೆ ಕಡೆ ಲಗ್ನಾ ಆದ್ರ ಆ ಬೀಗರ ಮುಂದ ಹೇಳೇ ಹೇಳ್ತಾರ."

ಬಸವರಾಜಪ್ಪನವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಕಾರಿಗೆ ಬೆರಳಿನಿಂದ ಒಮ್ಮೆ ತಟ್ಟಿದರು. ಒಳಗಿನಿಂದ ಅಜ್ಜಿಯ ದನಿ ಬಂತು: "ಸಕ್ರಿ ತಿನಿಸಿ ಆಗೇತೋ ಬಸೂ. ಈಗ ಉಗುಳಂದ್ರ ಬರತೈತೇನು?"

"ಮೊದಲ ನೆಲದ ಮ್ಯಾಲ ಒಂದು ಮನಿ ಹಿಡಿ," ಎಂದರು ಅವರು ನನಗೆ, ಮುಖದ ಕೆಸರನ್ನು ಒರೆಸಿಕೊಳ್ಳುತ್ತ. "ಗಾಲಿ ಇರಬಾರದು."

ನೋಂದಣಿಗೆಂದು ಇಟ್ಟಿದ್ದ ಹಣದಲ್ಲಿ ನಾರಾಯಣಗೂಡದ ಸಂದಿಯೊಂದರಲ್ಲಿ ಎರಡು ಕೋಣೆ ಹಿಡಿದೆ. ಶ್ರಾವಣದಲ್ಲಿ ಮದುವೆಯಾಯಿತು. ಮೊದಲ ಕೆಲವು ದಿನ ನಾನು ದೊಡ್ಡ ಮಂಚದ ಮೇಲೂ ಮಂಡಿ ಮಡಚಿಯೇ ಮಲಗುತ್ತಿದ್ದೆನೆಂದು ಸುವರ್ಣಾ ಇಂದಿಗೂ ಆಡಿಕೊಳ್ಳುತ್ತಾಳೆ. ಯಾದಗಿರಿ ಮತ್ತೆ ಕಣ್ಣಿಗೆ ಬೀಳಲಿಲ್ಲ. ಸಂದಿಯಲ್ಲಿ ನಿಲ್ಲಿಸಲು ಜಾಗವಿರದ ಕಾರನ್ನು ಸೇಠ್ ವಾಪಸು ತೆಗೆದುಕೊಂಡರು, ಹೊಸ್ತಿಲಿನ ಅರಿಶಿನ ಕುಂಕುಮದ ಸಮೇತ. ಮುಂದೆ ಸುವರ್ಣಾಳೇ ನಿಂತು ಕೆಂಪು ಗರಸಿನ ಸಣ್ಣ ಪ್ಲಾಟೊಂದನ್ನು ಆರಿಸಿದಳು. ಅಲ್ಲಿ ತುಳಸಿ ಗಿಡ ಹಿಡಿಯಲಿಕ್ಕೂ ಹೆಣಗಬೇಕು, ಆದರೆ ಮನೆ ಗಟ್ಟಿಯಾಗಿ ನಿಂತಿದೆ.

ಮೊನ್ನೆ ಮದುವೆಯಿಂದ ಬಂದವನು ಮರುದಿನ ಬೆಳಿಗ್ಗೆ ಮಾವನವರನ್ನೂ ಸುವರ್ಣಾಳನ್ನೂ ಕರೆದುಕೊಂಡು ಆ ಕಡೆ ಹೋದೆ. ಈಗ ಅಲ್ಲಿ ಸುತ್ತ ಕಂಬಿ ಹಾಕಿ, ವಾಕಿಂಗ್ ದಾರಿ ಮಾಡಿದ್ದಾರೆ. ಕೆರೆ ತುಂಬಿತ್ತು. ನಮ್ಮ ಪ್ಲಾಟು ಎಲ್ಲಿ ಎಂದು ನಾನು, ಅವರ ಪ್ಲಾಟು ಎಲ್ಲಿ ಎಂದು ಅವರು ನೀರಿನ ಮೇಲೆ ಕೈಮಾಡಿ ತೋರಿಸಿದೆವು. ಎರಡೂ ಕಡೆ ಬಾತುಕೋಳಿಗಳಿದ್ದವು. ಮಾವನವರು ಕೋಲೂರಿ ಬಗ್ಗಿ, ಕಂಬಿಯ ಸಂದಿಯಲ್ಲಿ ಕೈಹಾಕಿ ಒಂದು ಚಿಟಿಕೆ ಹಸಿ ಮಣ್ಣು ತೆಗೆದು ಮೂಸಿದರು.

"ಏನ ಅನ್ರಿ ಅಳಿಯಂದ್ರ, ಇಂಥಾ ಮಣ್ಣ ಈ ಊರಾಗ ಎಲ್ಲೂ ಇಲ್ಲ."

"ಹೌದ್ರಿ ಮಾವಾರ. ಥೇಟ್ ಡೋಣಿದು."

"ನವಲಗುಂದದ್ದು."

ಮತ್ತೆ ಹನಿ ಬೀಳತೊಡಗಿತು. ಸುವರ್ಣಾ ನಮ್ಮಿಬ್ಬರ ಮೇಲೂ ಕೊಡೆ ಹಿಡಿದು, "ಇನ್ನೊಂದು ಪ್ಲಾಟ್ ತಗೋತೀರೇನು?" ಎಂದು ಕೇಳಿದಳು.

ಮಾವನವರು ನೀರನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು.

"ನೀರ ಇಳೀಲಿ," ಎಂದರು. "ನೋಡೂಣು."